ಬಾತ್‌ರೂಮಿಗೂ ಸ್ಪ್ಯಾನಿಷಲ್ಲೇ ಕೇಳ್ಬೇಕು: ಕೋಲಾರದ ಒಂದು ಒಂಬತ್ತನೇ ಕ್ಲಾಸಿನ ಕಥೆ

ಹೈಸ್ಕೂಲ್ ಮಕ್ಕಳಿಗೆ ಸ್ಪ್ಯಾನಿಷ್ ಹೇಳ್ಕೊಡ್ತೀನಿ ಅಂದ್ರೆ ಜನ ಮೊದಲು ಕೇಳೋದು "ಬೆಂಗಳೂರಲ್ಲಾ?" ಅಂತ, ಇಲ್ಲ ಕೋಲಾರದಲ್ಲೇ ಅಂದ್ರೆ ನನ್ನನ್ನ ಒಂದ್ಸಲ ಮೇಲಿಂದ ಕೆಳಗೆ ನೋಡ್ತಾರೆ. ಆಮೇಲೆ "ಯಾಕೆ?" ಅಂತಾರೆ. ಯಾಕೆ ಅನ್ನೋದಕ್ಕೆ ನನ್ನ ಹತ್ರ ದೊಡ್ಡ ಉತ್ತರ ಏನಿಲ್ಲ, ಮದುವೆಗೆ ಮುಂಚೆ ಬೆಂಗಳೂರಲ್ಲಿ ಒಂದು ಕಂಪನಿಯಲ್ಲಿ ನೈಟ್ ಶಿಫ್ಟು, ಮೆಕ್ಸಿಕೊ ಕಸ್ಟಮರ್‌ಗಳ ಈಮೇಲಿಗೆ ರಿಪ್ಲೈ ಹಾಕೋ ಕೆಲಸ, ಅದಕ್ಕೋಸ್ಕರ ಕಲಿತ ಭಾಷೆ ಇದು. ಆಮೇಲೆ ಊರಿಗೆ ಬಂದೆ, ಮಗು ಆಯ್ತು, ಇಲ್ಲೊಂದು ಸ್ಕೂಲವರಿಗೆ ಫಾರಿನ್ ಲ್ಯಾಂಗ್ವೇಜ್ ಬೇಕಿತ್ತು, 2020ರ ಎಜುಕೇಶನ್ ಪಾಲಿಸಿಯಲ್ಲಿ ಹೈಸ್ಕೂಲ್ ಮಟ್ಟಕ್ಕೆ ಕೊರಿಯನ್ನು, ಜಪಾನೀಸು, ಥಾಯ್, ಫ್ರೆಂಚು, ಜರ್ಮನ್ನು, ಸ್ಪ್ಯಾನಿಷು, ಪೋರ್ಚುಗೀಸು, ರಷ್ಯನ್ನು ಅಂತ ಲಿಸ್ಟೇ ಇದೆಯಲ್ಲ, ಅದರಲ್ಲಿ ಅವರಿಗೆ ಸುತ್ತಮುತ್ತ ಸಿಕ್ಕ ಟೀಚರ್ ಅಂದ್ರೆ ನಾನೊಬ್ಬಳೇ. ಹಾಗಾಗಿ ಸ್ಪ್ಯಾನಿಷ್. ಜಪಾನೀಸ್ ಬರೋರು ಸಿಕ್ಕಿದ್ರೆ ಜಪಾನೀಸ್ ಆಗಿರೋದು, ಅಷ್ಟೇ ವಿಷಯ.

ವಾರಕ್ಕೆ ಮೂರು ಪೀರಿಯಡ್ಡು, ಒಂದೊಂದು ನಲವತ್ತು ನಿಮಿಷ, 38 ಮಕ್ಕಳು. ಮನೆಯಲ್ಲಿ ಅರ್ಧಕ್ಕರ್ಧ ತೆಲುಗು, ಉಳಿದೋರದ್ದು ಕನ್ನಡ, ಉರ್ದು, ಕೆಜಿಎಫ್ ಕಡೆಯಿಂದ ಬರೋ ಒಂದಿಬ್ಬರದ್ದು ತಮಿಳು, ಸ್ಕೂಲಲ್ಲಿ ಇಂಗ್ಲಿಷು ಹಿಂದಿ. ಅಂದ್ರೆ ಆಗಲೇ ನಾಲ್ಕು ಭಾಷೆ ಸಂಭಾಳಿಸ್ತಿರೋ ಮಕ್ಕಳು ಇವರು, ಐದನೇದಕ್ಕೆ ಹೆದರೋ ಜಾತಿ ಅಲ್ಲ, ಹೆದರೋದು ತಪ್ಪು ಮಾತಾಡಿದ್ರೆ ಪಕ್ಕದೋನು ನಗ್ತಾನೆ ಅನ್ನೋದಕ್ಕೆ. ಈ ಕ್ಲಾಸಿನ ರೂಲ್ಸೆಲ್ಲ ನಾನು ಮಾಡಿದ್ದು ಹೆಚ್ಚುಕಮ್ಮಿ ಆ ಒಂದು ನಗುವನ್ನ ಮನಸ್ಸಲ್ಲಿಟ್ಕೊಂಡೇ.

ಜೂನಲ್ಲಿ ಮೊದಲನೇ ದಿನ ಒಂದು ಶೀಟ್ ಕೊಟ್ಟೆ. ಒಂದು ಕಡೆ ಇಂಗ್ಲಿಷು ಒಂದು ಕಡೆ ಕನ್ನಡ, ಮನೆಯಲ್ಲಿ ತೋರಿಸಿ ಸೈನ್ ಹಾಕಿಸ್ಕೊಂಡು ಬನ್ನಿ ಅಂತ. ನೂರಕ್ಕೆ ನಲವತ್ತು ಮಾರ್ಕ್ಸು ಮಾತಾಡೋದಕ್ಕೆ, ಇಪ್ಪತ್ತು ಕೇಳಿಸ್ಕೊಳ್ಳೋದಕ್ಕೆ, ಇಪ್ಪತ್ತು ಓದಕ್ಕೆ, ಇಪ್ಪತ್ತು ಬರೆಯೋದಕ್ಕೆ. ನೋಟ್‌ಬುಕ್ಕಿಗೆ ಸೊನ್ನೆ. ಬಾಣ, ಹೂವು, ಗ್ಲಿಟರ್ ಪೆನ್ನು, ಅಂಡರ್‌ಲೈನ್ ಇದ್ಯಾವುದಕ್ಕೂ ಮಾರ್ಕ್ಸ್ ಇಲ್ಲ ಅಂತ ಬರೆದಿದ್ದಕ್ಕೆ ಮೊದಲನೇ ಬೆಂಚಿನ ಹೆಣ್ಣುಮಕ್ಕಳಿಗೆ ನಿಜವಾಗಲೂ ಬೇಜಾರಾಯ್ತು, ಪಾಪ ಅವರಿಗೆ ಬೇರೆ ಎಲ್ಲ ಸಬ್ಜೆಕ್ಟಲ್ಲೂ ಅದೇ ಆಸ್ತಿ. ಕ್ಲಾಸಲ್ಲಿ ಯಾರಾದ್ರೂ ಮಾತಾಡುವಾಗ ನಕ್ಕರೆ, ನಕ್ಕೋರು ಎದ್ದು ನಿಂತು ಅದೇ ವಾಕ್ಯನ ಸರಿಯಾಗಿ ಹೇಳ್ಬೇಕು. ಇದೊಂದೇ ಪನಿಷ್ಮೆಂಟು. ಬರೆಸೋದು, ಹೊರಗೆ ನಿಲ್ಸೋದು, ಪ್ರಿನ್ಸಿಪಾಲ್ ಹತ್ರ ಕಳ್ಸೋದು ಏನೂ ಇಲ್ಲ. ಒಂದೆರಡು ವಾರ ಆದ್ಮೇಲೆ ನಗು ತಾನಾಗೇ ಕಮ್ಮಿ ಆಯ್ತು, ಯಾಕಂದ್ರೆ ನಗೋರಿಗೂ ಆ ವಾಕ್ಯ ಬರ್ತಿರ್ಲಿಲ್ಲ.

ದಿನಾ ನಡೆಯೋದು ಹೀಗೆ. ಬಾಗಿಲಲ್ಲಿ ನಾನು ನಿಂತಿರ್ತೀನಿ, ಒಬ್ಬೊಬ್ಬರೇ "ಬ್ವೆನೋಸ್ ದಿಯಾಸ್" ಅಂತ ಹೇಳಿ ಒಳಗೆ ಹೋಗ್ಬೇಕು. ಎಲ್ಲರೂ ಎದ್ದು ನಿಂತು ರಾಗವಾಗಿ ಗುಡ್ ಮಾರ್ನಿಂಗ್ ಮಿಸ್ಸ್ಸ್ ಅಂತ ಎಳೀತಾರಲ್ಲ, ಅದು ಬೇಡ ಅಂತಲೇ ಹೀಗೆ ಮಾಡಿದ್ದು, ಆ ಕೋರಸ್ಸಲ್ಲಿ ಅರ್ಧ ಜನ ಬಾಯಿ ಮಾತ್ರ ಆಡಿಸ್ತಿರ್ತಾರೆ ಅನ್ನೋದು ಎಲ್ಲ ಟೀಚರ್‌ಗೂ ಗೊತ್ತು. ಗುರುವಾರ ನಮ್ಮ ಪೀರಿಯಡ್ ಊಟ ಆದ್ಮೇಲೆ, ಆವತ್ತು "ಬ್ವೆನಾಸ್ ತಾರ್ದೆಸ್". ಅದಕ್ಕೆ ಒಬ್ಬ ಲಾ ಪಾಯಿಂಟ್ ಎತ್ತಿದ, ಮಿಸ್ ಗಡಿಯಾರದಲ್ಲಿ ಹನ್ನೆರಡಾದ್ರೆ ತಾರ್ದೆಸ್ಸಾ ಅಥವಾ ಊಟ ಆದ್ರೆ ತಾರ್ದೆಸ್ಸಾ ಅಂತ. ಒಳ್ಳೆ ಪ್ರಶ್ನೆನೇ, ಸ್ಪೇನಲ್ಲಿ ಜನ ಊಟ ಮಾಡೋದೇ ಎರಡು ಗಂಟೆ ಮೇಲೆ, ಅಲ್ಲೀವರೆಗೂ ಎಷ್ಟೋ ಜನ ದಿಯಾಸ್ಸೇ ಅಂತಿರ್ತಾರೆ. ಅವನಿಗೆ ಅಷ್ಟು ಹೊತ್ತು ಊಟ ಇಲ್ಲದೆ ಇರ್ತಾರಾ ಅನ್ನೋದೇ ದೊಡ್ಡ ಆಶ್ಚರ್ಯ ಆಯ್ತು.

ಒಳಗೆ ಹೋದ್ಮೇಲೆ ಐದು ನಿಮಿಷ ಮಾತಿಲ್ಲ. ಬೋರ್ಡಲ್ಲಿ ಮೂರು ಸಾಲು ಬರೆದಿರ್ತೀನಿ, ಡೇಟು, ನಿನ್ನೆ ಪಾಠದ್ದು ಒಂದು ಖಾಲಿ ಜಾಗ ತುಂಬೋದು, ಒಂದು ಪ್ರಶ್ನೆ. ಡೇಟು ಅಂಕಿಯಲ್ಲಿ ಬರೆಯಂಗಿಲ್ಲ, ಅಕ್ಷರದಲ್ಲೇ. ವಾರದ ಹೆಸರು, ತಿಂಗಳ ಹೆಸರು ಸ್ಪ್ಯಾನಿಷಲ್ಲಿ ಕ್ಯಾಪಿಟಲ್ ಅಕ್ಷರದಲ್ಲಿ ಶುರು ಆಗಲ್ಲ, ಇಂಗ್ಲಿಷ್ ಅಭ್ಯಾಸ ಇರೋರಿಗೆ ಇದು ಕೈಯಿಂದ ಹೋಗೋಕೆ ದಸರಾ ಬಂತು. ವಾರದ ಹೆಸರುಗಳು ಮಾತ್ರ ಒಂದೇ ಪೀರಿಯಡ್ಡಲ್ಲಿ ಬಂದ್ಬಿಟ್ವು, ಯಾಕಂದ್ರೆ ಲೂನೆಸ್ ಚಂದ್ರಂದು, ಮಾರ್ತೆಸ್ ಮಂಗಳಂದು, ಮಿಯೆರ್ಕೊಲೆಸ್ ಬುಧಂದು, ಹ್ವೆವೆಸ್ ಗುರುದು, ಬಿಯೆರ್ನೆಸ್ ಶುಕ್ರಂದು, ನಮ್ಮ ಕ್ಯಾಲೆಂಡರ್ ಪಕ್ಕದಲ್ಲಿಟ್ಕೊಂಡು ಓದಿದಂಗಿದೆ. ಶನಿವಾರ ಭಾನುವಾರಕ್ಕೆ ಬಂದಾಗ ಮಾತ್ರ ದಾರಿ ಬೇರೆ ಆಗತ್ತೆ, ಅವು ಧರ್ಮದ ಕಡೆಯಿಂದ ಬಂದ ಹೆಸರು.

ಆಮೇಲೆ ಅಟೆಂಡೆನ್ಸು. ಮೊದಲು ಅವರವರ ರೋಲ್ ನಂಬರ್ ಸ್ಪ್ಯಾನಿಷಲ್ಲಿ ಹೇಳಿ "ಪ್ರೆಸೆಂತೆ" ಅಂತ ಹೇಳಿಸ್ತಿದ್ದೆ, ತುಂಬ ಚೆನ್ನಾಗಿ ನಡೀತಿದೆ ಅನ್ನಿಸ್ತಿತ್ತು, ನೋಡಿದ್ರೆ ಪ್ರತಿಯೊಬ್ಬರಿಗೂ ಬರ್ತಿದ್ದಿದ್ದು ಒಂದೇ ಒಂದು ನಂಬರು. ಹದಿನೈದನೇ ನಂಬರ್ ಹುಡುಗ ಎಂಥಾ ಜೋರಾಗಿ "ಕಿನ್ಸೆ!" ಅಂತಿದ್ದ ಅಂದ್ರೆ ಫ್ರೆಂಡ್ಸೆಲ್ಲ ಅವನ ಹೆಸರೇ ಕಿನ್ಸೆ ಮಾಡಿದ್ರು, ಆದ್ರೆ ಹದಿನಾಲ್ಕು ಏನೋ ಅಂದ್ರೆ ಸೀಲಿಂಗ್ ನೋಡ್ತಿದ್ದ. ಅದಕ್ಕೆ ಒಂದು ಸ್ಟೀಲ್ ಡಬ್ಬಿ ತಂದೆ, ಅದರಲ್ಲಿ ಚೀಟಿ, ಪ್ರತಿ ಸೋಮವಾರ ಚೀಟಿ ಎತ್ತಬೇಕು, ಆ ವಾರಕ್ಕೆ ಅದೇ ನಂಬರು. ಒಂದರಿಂದ ಹದಿನೈದರವರೆಗೂ ಬೇರೆ ಬೇರೆ ಪದ, ಹದಿನಾರರಿಂದ ಹತ್ತು ಮತ್ತು ಆರು, ಹತ್ತು ಮತ್ತು ಏಳು ಅಂತ ಜೋಡಿಸ್ಕೊಂಡು ಹೋಗೋದು, ಅದು ಗೊತ್ತಾದ್ಮೇಲೆ ಮಕ್ಕಳಿಗೆ ದೊಡ್ಡ ನಂಬರ್ ಸಿಕ್ರೆ ಖುಷಿ, ಹನ್ನೊಂದು ಹನ್ನೆರಡು ಸಿಕ್ರೆ ಮುಖ ಸಣ್ಣ. ಅರ್ಧ ವರ್ಷಕ್ಕೆ ಅಂಕಿ ಪಾಠನೇ ಮಾಡದೆ ಅಂಕಿ ಬಂತು. ಕಿನ್ಸೆ ಮಾತ್ರ ಈಗಲೂ ಕಿನ್ಸೆನೇ.

ಗೋಡೆ ಮೇಲೆ ಒಂದು ಚಾರ್ಟ್ ಇದೆ, ಅದರಲ್ಲಿರೋ ವಾಕ್ಯಗಳಿಗೆ ಮಾತ್ರ ಕನ್ನಡ ಇಂಗ್ಲಿಷ್ ನಡೆಯಲ್ಲ. "ನೊ ಎಂತಿಯೆಂದೊ" ಅಂದ್ರೆ ಅರ್ಥ ಆಗಲಿಲ್ಲ, "ಓತ್ರ ಬೆಸ್ ಪೋರ್ ಫಾಬೋರ್" ಅಂದ್ರೆ ಇನ್ನೊಂದ್ಸಲ ಹೇಳಿ, "ಕೋಮೊ ಸೆ ದಿಸೆ" ಅಂದ್ರೆ ಇದನ್ನ ಹೇಗ್ ಹೇಳೋದು, ಹೀಗೆ. ಎಲ್ಲಕ್ಕಿಂತ ಜಾಸ್ತಿ ಬಳಕೆ ಆಗೋದು "ಪ್ವೆದೊ ಇರ್ ಅಲ್ ಬಾನ್ಯೊ", ಬಾತ್‌ರೂಮಿಗೆ ಹೋಗ್ಲಾ. ಸ್ಪ್ಯಾನಿಷಲ್ಲಿ ಕೇಳಿದ್ರೆ ಮಾತ್ರ ಪರ್ಮಿಷನ್ನು. ತುಂಬಾ ಅರ್ಜೆಂಟ್ ಇದ್ರೆ ಓಡು ಮೊದಲು, ವಾಪಸ್ ಬಂದು ಹೇಳು, ಅಷ್ಟು ಕ್ರೂರಿ ಅಲ್ಲ ನಾನು. ಒಂದಿನ ನನ್ನ ಪೀರಿಯಡ್ಡಿಗೆ ನಾನು ರಜಾ, ಮ್ಯಾಥ್ಸ್ ಸರ್ ಹೋಗಿದಾರೆ, ಹುಡುಗ ಒಬ್ಬ ಎದ್ದು ಅಭ್ಯಾಸಬಲದಲ್ಲಿ ಇದೇ ವಾಕ್ಯ ಬಿಟ್ಟಿದಾನೆ, ಮಾರನೇ ದಿನ ಸ್ಟಾಫ್ ರೂಮಲ್ಲಿ ಸರ್ ಬಂದು "ಏನಮ್ಮಾ, ನಿಮ್ ಮಕ್ಳು ನನ್ನ ಏನೋ ಬೈತಾವೆ, ಬೈದ್ಬಿಟ್ಟು ಬಾಗಿಲ ಕಡೆ ಬೇರೆ ಕೈ ತೋರಿಸ್ತಾವೆ" ಅಂದ್ರು. ಈಗ ಸರ್‌ಗೂ ಆ ವಾಕ್ಯ ಬರತ್ತೆ, ಅವರ ಕ್ಲಾಸಲ್ಲೂ ಕೇಳಿದ್ರೆ ಬಿಡ್ತಾರೆ.

ಇಲ್ಲೊಂದು ವಿಷಯ ಹೇಳ್ಬೇಕು. ಭಾಷೆ ಕಲಿಸೋರ ಟ್ರೈನಿಂಗಿಗೆ ಹೋದ್ರೆ ಕ್ಲಾಸಲ್ಲಿ ಬರೀ ಆ ಭಾಷೆನೇ ಮಾತಾಡಿ, ಬೇರೆ ಭಾಷೆ ಬಾಯಿಗೆ ಬರಲೇಬಾರದು ಅಂತಾರೆ. ನಾನು ಅದನ್ನ ಒಪ್ಪಲ್ಲ. ವಾರಕ್ಕೆ ಮೂರು ಪೀರಿಯಡ್ಡಿರೋ ಕಡೆ ಅದು ಆಗೋ ಮಾತಲ್ಲ, ಮತ್ತೆ ನಮ್ಮ ಮಕ್ಕಳ ತಲೆಯಲ್ಲಿ ಆಗಲೇ ಇರೋ ಸಾಮಾನನ್ನ ಬಳಸದೆ ಇರೋದು ನಷ್ಟ. ಪುಸ್ತಕದಲ್ಲಿ ತು ಮತ್ತೆ ಉಸ್ತೆದ್ ವ್ಯತ್ಯಾಸಕ್ಕೆ ಇಂಗ್ಲಿಷಲ್ಲಿ ಒಂದು ಪೇಜ್ ವಿವರಣೆ ಇದೆ. ನೀನು, ನೀವು ಅಂದೆ, ಮುಗೀತು. ಫ್ರೆಂಡಿಗೆ ತು, ನನಗೆ ಉಸ್ತೆದ್. ಈಗಿನ ಸ್ಪೇನಲ್ಲಿ ಎಷ್ಟೋ ಸ್ಕೂಲಲ್ಲಿ ಮಕ್ಕಳು ಟೀಚರ್‌ಗೂ ತು ಅಂತಲೇ ಅಂತಾರೆ ಅಂತ ಒಬ್ಬಳು ಎಲ್ಲೋ ವಿಡಿಯೋ ನೋಡ್ಕೊಂಡು ಬಂದು ಹೇಳಿದ್ಲು, ನಿಜಾನೇ, ಆದ್ರೆ ಕೊಲಂಬಿಯಾದಲ್ಲಿ ಮನೆಯೊಳಗೆ ಗಂಡ ಹೆಂಡತಿನೇ ಉಸ್ತೆದ್ ಅನ್ನೋ ಕಡೆನೂ ಇದೆ, ಕೋಲಾರ ಸದ್ಯಕ್ಕೆ ಕೊಲಂಬಿಯಾ ಪಕ್ಷ ಅಂದೆ.

ಹಾಗೇ "ಮೆ ಗುಸ್ತಾ". ಇಂಗ್ಲಿಷ್ ದಾರಿಯಲ್ಲಿ ಹೋದ್ರೆ ನಾನು ಅಂತ ಶುರು ಮಾಡಿ ಎಲ್ಲರೂ ಹಳ್ಳಕ್ಕೆ ಬೀಳ್ತಾರೆ, ನನಗೆ ಇಷ್ಟ, ತೆಲುಗಲ್ಲಿ ನಾಕು ಇಷ್ಟಂ, ಅದೇ ಅಚ್ಚಲ್ಲಿ ಹಾಕಿ ಅಂದ್ರೆ ಎಲ್ಲರೂ ಪಾಸು. ಉಲ್ಟಾ, ಲಿಂಗದ ವಿಷಯಕ್ಕೆ ಬಂದ್ರೆ ಕನ್ನಡ ತೆಲುಗು ಮನೆಯ ಮಕ್ಕಳಿಗೆ ಒದ್ದಾಟ. ಟೇಬಲ್ ಹೆಣ್ಣು ಹೇಗಾಗತ್ತೆ ಮಿಸ್ ಅಂತ. ಉರ್ದು ಮನೆಯ ಹುಡುಗಿ ಹಿಂದಿನ ಬೆಂಚಿಂದ ನಮ್ಮಲ್ಲೂ ಮೇಜ್ ಹೆಣ್ಣೇ ಅಂದ್ಲು, ಅವಳಿಗೆ ಅದೊಂದು ಸಮಸ್ಯೆನೇ ಅಲ್ಲ. ಆವತ್ತಿಂದ ಪ್ರತಿ ಗುಂಪಲ್ಲೂ ಉರ್ದು ಬರೋರು ಒಬ್ಬರು, ತೆಲುಗೋ ಕನ್ನಡವೋ ಬರೋರು ಮೂವರು ಅಂತ ಕೂರಿಸ್ತೀನಿ. ನೋಟ್‌ಬುಕ್ಕಲ್ಲಿ ಹೆಣ್ಣು ಪದಕ್ಕೆ ಕೆಂಪು ಪೆನ್ನು ಗಂಡು ಪದಕ್ಕೆ ನೀಲಿ, ಪದದ ಮುಂದೆ ಗಂಡಿಗೆ ಎಲ್, ಹೆಣ್ಣಿಗೆ ಲಾ ಇಲ್ಲದೆ ಬರೆದ್ರೆ ಅದು ಬರೆದಂಗೇ ಅಲ್ಲ. ದಿನ, ಮ್ಯಾಪು, ಪ್ರಾಬ್ಲಮ್ಮು ಈ ಮೂರೂ ಆ ಅಂತ ಮುಗಿದ್ರೂ ಗಂಡು, ಕೈ ಅನ್ನೋದು ಓ ಅಂತ ಮುಗಿದ್ರೂ ಹೆಣ್ಣು, ಇವನ್ನ ಬಾಗಿಲ ಹಿಂದೆ ಬರೆದು ಅಂಟಿಸಿದೀವಿ.

ಉಚ್ಚಾರಣೆಗೆ ಮೊದಲಿಗೆ ಪದದ ಕೆಳಗೆ ಕನ್ನಡ ಲಿಪಿಯಲ್ಲಿ ಬರ್ಕೊಳ್ಳೋಕೆ ಬಿಟ್ಟಿದ್ದೆ. ಇಂಗ್ಲಿಷ್ ಅಕ್ಷರ ನೋಡಿದ ತಕ್ಷಣ ನಮ್ಮ ನಾಲಿಗೆ ಟ, ಡ ಕಡೆ ಹೋಗತ್ತೆ, ಸ್ಪ್ಯಾನಿಷಲ್ಲಿ ಅದು ತ, ದ. ಕನ್ನಡದಲ್ಲಿ ತಾರ್ದೆಸ್ ಅಂತ ಬರೆದ್ರೆ ಟಾರ್ಡೆಸ್ ಅನ್ನೋಕೆ ಸಾಧ್ಯನೇ ಇಲ್ಲ. ಆದ್ರೆ ದಸರಾ ರಜೆ ಆದ್ಮೇಲೆ ಕನ್ನಡ ಲಿಪಿ ಬಂದ್. ಯಾಕಂದ್ರೆ ಉಚ್ಚಾರಣೆ ಇಲ್ಲದ ಹೆಚ್ ಅಕ್ಷರ, ಬಿ ಮತ್ತೆ ವಿ ಎರಡಕ್ಕೂ ಒಂದೇ ಶಬ್ದ, ಎರಡು ಎಲ್ ಬಂದ್ರೆ ಯ, ಇವೆಲ್ಲ ಕನ್ನಡ ಲಿಪಿಯಲ್ಲಿ ಮಾಯ ಆಗ್ಬಿಡತ್ತೆ, ಡಿಕ್ಟೇಶನ್ನಲ್ಲಿ ಒಬ್ಬರಿಗೂ ಸ್ಪೆಲ್ಲಿಂಗ್ ಬರ್ತಿರ್ಲಿಲ್ಲ. ಉಲ್ಟಾ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಎಲ್ಲರಿಗೂ ಇಷ್ಟ. ಪ್ರಶ್ನೆ ಶುರುವಲ್ಲೂ ಅದನ್ನ ತಲೆಕೆಳಗಾಗಿ ಹಾಕ್ಬೇಕು ಅಂತ ಸ್ಪೇನಿನ ರಾಯಲ್ ಅಕಾಡೆಮಿ 1754ರಲ್ಲಿ ನಿಯಮ ಮಾಡಿದ್ದು, ನಮ್ಮ ಮಕ್ಕಳು ಈಗ ಇಂಗ್ಲಿಷ್ ಟೆಸ್ಟಲ್ಲೂ ಹಾಕಿ ಬೈಸ್ಕೊಳ್ತಾರೆ.

ಲಿಸನಿಂಗ್ ಅಂದ್ರೆ ನನ್ನ ಫೋನು, ಒಂದು ಬ್ಲೂಟೂತ್ ಸ್ಪೀಕರು, ಮೇಲೆ ಫ್ಯಾನ್ ಸದ್ದು. ಫ್ಯಾನ್ ಆಫ್ ಮಾಡಿದ್ರೆ ಸೆಖೆ, ಹಾಕಿದ್ರೆ ಕೇಳಲ್ಲ, ಮಾರ್ಚಲ್ಲಿ ಈ ಜಗಳ ಜೋರು. ನಾನು ಹೇಳ್ಕೊಡೋದು ಮೆಕ್ಸಿಕೊ ಕಡೆಯ ಉಚ್ಚಾರಣೆ, ಗ್ರಾಸಿಯಾಸ್ ಅಂತ. ಪುಸ್ತಕದ ಆಡಿಯೋ ಸ್ಪೇನಿಂದು, ಅಲ್ಲಿ ನಾಲಿಗೆ ಹಲ್ಲಿನ ಮಧ್ಯ ಇಟ್ಟು ಗ್ರಾಥಿಯಾಸ್. ಅದನ್ನ ಕೇಳಿದ ದಿನ ಪೂರ್ತಿ ಸ್ಕೂಲಲ್ಲಿ ಎಲ್ಲ ಸ ಕೂಡ ಥ ಆಯ್ತು, ಥಾರ್, ಥಮೋಸಾ, ಥೈನ್ಥ್. ನಾನು ಎರಡೂ ಸರಿ ಅಂತ ಹೇಳಿದೀನಿ, ಯಾವುದಾದ್ರೂ ಒಂದು ಹಿಡ್ಕೊಳ್ಳಿ ಅಂತ. ಪದಗಳಲ್ಲೂ ಹಾಗೇ, ಸ್ಪೇನಲ್ಲಿ ಬಸ್ ಹತ್ತೋಕೆ ದಿನಾ ಬಳಸೋ ಒಂದು ಮಾಮೂಲಿ ಪದ ಮೆಕ್ಸಿಕೊದಲ್ಲಿ ಕೆಟ್ಟ ಮಾತು, ಅದನ್ನ ಪಾಠದಿಂದಲೇ ಎತ್ತಿಬಿಟ್ಟು ಬೇರೆ ಪದ ಕೊಟ್ಟೆ. ಯಾವ ಪದ ಮಿಸ್ ಅಂತ ಹಿಂದಿನ ಬೆಂಚು ಇನ್ನೂ ಕೇಳ್ತಾನೇ ಇದೆ.

ಹೋಂವರ್ಕಿಗೆ ಟ್ರಾನ್ಸ್‌ಲೇಟರ್ ಬಳಸ್ಬಾರದಾ ಅಂದ್ರೆ, ಪದ ಹುಡುಕಬಹುದು, ವಾಕ್ಯ ಹುಡುಕಂಗಿಲ್ಲ. ಇದನ್ನ ಹಿಡಿಯೋದು ಸುಲಭ. ನನ್ನ ಹೆಸರು ಇದು, ನನ್ನ ಊರು ಇದು ಅನ್ನೋ ಮಟ್ಟದಲ್ಲಿರೋ ಹುಡುಗ ಇದ್ದಕ್ಕಿದ್ದಂಗೆ "ನಾನೇನಾದ್ರೂ ಅಲ್ಲಿಗೆ ಹೋಗಿದ್ದಿದ್ರೆ" ಅನ್ನೋ ಥರ ಕ್ರಿಯಾಪದ ಬರ್ಕೊಂಡು ಬಂದ್ರೆ ಇದು ಅವನದ್ದಲ್ಲ ಅಂತ ಯಾರಿಗಾದ್ರೂ ಗೊತ್ತಾಗತ್ತೆ. ನಾನು ಬೈಯಲ್ಲ, ಇದನ್ನ ಪುಸ್ತಕ ಮುಚ್ಚಿ ಬಾಯಲ್ಲಿ ಹೇಳಪ್ಪಾ ಅಂತೀನಿ ಅಷ್ಟೇ. ಮಾತಿಗೆ ನಲವತ್ತು ಮಾರ್ಕ್ಸ್ ಇಟ್ಟಿದ್ದರ ಲಾಭ ಇಲ್ಲಿ ಗೊತ್ತಾಗೋದು.

ಈಗ ಟೊಮ್ಯಾಟೊ ದಿನದ ಕಥೆ ಹೇಳ್ತೀನಿ, ಇಡೀ ವರ್ಷದಲ್ಲಿ ಕ್ಲಾಸ್ ಅಂದ್ರೆ ಇದು ಅನ್ನಿಸಿದ ದಿನ. ಪುಸ್ತಕದಲ್ಲಿ ಹಬ್ಬಗಳ ಪಾಠ ಇತ್ತು, ಅದರಲ್ಲಿ ಲಾ ತೊಮಾತಿನಾ. ಸ್ಪೇನಲ್ಲಿ ವೆಲೆನ್ಸಿಯಾ ಹತ್ರ ಬುನ್ಯೋಲ್ ಅಂತ ಚಿಕ್ಕ ಊರು, ಆಗಸ್ಟ್ ತಿಂಗಳ ಕೊನೆ ಬುಧವಾರ ಜನ ಬೀದಿಗಿಳಿದು ಒಂದು ಗಂಟೆ ಟೊಮ್ಯಾಟೊದಲ್ಲಿ ಹೊಡೆದಾಡ್ತಾರೆ, 1945ರಲ್ಲಿ ಹುಡುಗರ ಗಲಾಟೆಯಿಂದ ಶುರು ಆಗಿದ್ದು ಅಂತ ಹೇಳ್ತಾರೆ, ಜನ ಜಾಸ್ತಿ ಆಗಿ 2013ರಿಂದ ಟಿಕೆಟ್ ಇಟ್ಟಿದಾರೆ. ವಿಡಿಯೋ ಹಾಕಿದೆ. ಯಾವ ಊರಲ್ಲಿ ಹಾಕಿದೆ ಅಂತ ಯೋಚನೆ ಮಾಡಿ, ಏಷ್ಯಾದಲ್ಲೇ ದೊಡ್ಡ ಟೊಮ್ಯಾಟೊ ಮಾರ್ಕೆಟ್ಟುಗಳಲ್ಲಿ ಒಂದಾದ ಎಪಿಎಂಸಿ ಇರೋ ಊರಲ್ಲಿ. ಲಾರಿಯಿಂದ ಹಣ್ಣು ಸುರೀತಿರೋದು ನೋಡ್ತಾ ಅರ್ಧ ಕ್ಲಾಸ್ ನಗ್ತಿದೆ, ಅರ್ಧ ಕ್ಲಾಸ್ ಸುಮ್ಮನಾಗಿದೆ. ವಡಗೂರು ಕಡೆಯಿಂದ ಬರೋ ಒಬ್ಬ ಹುಡುಗ, ಮನೆಯಲ್ಲಿ ಎರಡು ಎಕರೆ ಟೊಮ್ಯಾಟೊ, ಕ್ಲಾಸಲ್ಲಿ ಬಾಯಿ ಬಿಚ್ಚೋದು ಅಪರೂಪ, ಅವನು ಕೈ ಎತ್ತಿ "ಮಿಸ್, ಎಷ್ಟು ಬಾಕ್ಸು?" ಅಂದ.

ನೂರು ಟನ್ ಮೇಲೇ ಅಂತಾರಪ್ಪ ಅಂದೆ. ನಮ್ಮ ಕಡೆ ಬಾಕ್ಸ್ ಅಂದ್ರೆ 15 ಕೆಜಿ. ಅವನು ಬೋರ್ಡಿಗೆ ಬಂದು ಲೆಕ್ಕ ಹಾಕಿದ, ಒಂದು ಲಕ್ಷ ಕೆಜಿ ಭಾಗಿಸು ಹದಿನೈದು, 6,666 ಬಾಕ್ಸು. ಇದನ್ನ ಸ್ಪ್ಯಾನಿಷಲ್ಲಿ ಹೇಳು ಅಂದೆ. "ಸೇಯ್ಸ್ ಮಿಲ್ ಸೇಯ್ಸಿಯೆಂತೋಸ್ ಸೆಸೆಂತಾ ಇ ಸೇಯ್ಸ್". ತಡವರಿಸ್ತಾ ತಡವರಿಸ್ತಾ ಹೇಳಿದ, ಇಡೀ ಕ್ಲಾಸ್ ಅದನ್ನ ಹಿಡ್ಕೊಂಡು ಬಿಡ್ತು, ಬೆಲ್ ಆಗೋವರೆಗೂ ಯಾರ್ ಫಾಸ್ಟಾಗಿ ಹೇಳ್ತಾರೆ ಅಂತ ಪಂದ್ಯ. ಅಷ್ಟರಲ್ಲಿ ಇನ್ನೊಬ್ಬ ರೇಟ್ ಹಾಕೋಕೆ ಶುರು ಮಾಡಿದ, 2023ರ ಜುಲೈಯಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತಲ್ಲ, ಆ ರೇಟಿಗೆ ಹಾಕಿದ್ರೆ ಒಂದು ಕೋಟಿ ಮೂವತ್ತು ಲಕ್ಷದ ಮೇಲೆ. ಒಂದು ಗಂಟೆಗೆ! ಎಸೆಯೋದು ತುಂಬ ಹಣ್ಣಾಗಿ ಮಾರೋಕೆ ಆಗದೇ ಇರೋದನ್ನ ಅಂತ ನಾನು ಹೇಳಿದೆ, ಅದಕ್ಕೆ ವಡಗೂರಿನೋನು ಏನಂದ ಗೊತ್ತಾ, "ರೇಟ್ ಬಿದ್ದಾಗ ನಾವೂ ರೋಡಿಗೆ ಸುರೀತೀವಿ ಮಿಸ್, ನಮ್ಮ ಹತ್ರ ಯಾರೂ ಟಿಕೆಟ್ ತಗೊಂಡು ಬರಲ್ಲ."

ನಾನೇನೂ ಹೇಳೋಕೆ ಹೋಗ್ಲಿಲ್ಲ. ಆ ವಾಕ್ಯನ ಸ್ಪ್ಯಾನಿಷಿಗೆ ಹಾಕೋಣ ಬಾ ಅಂದೆ. ಅರ್ಧ ಪೀರಿಯಡ್ ಹಿಡೀತು, ಗುಂಪು ಗುಂಪಾಗಿ ಕೂತು ಮಾಡಿದ್ರು, ಬೆಲೆ ಅನ್ನೋದಕ್ಕೆ ಪ್ರೆಸಿಯೊ, ಬೀಳೋದು, ರಸ್ತೆ, ಯಾರೂ ಇಲ್ಲ ಅನ್ನೋದಕ್ಕೆ ನಾದಿಯೆ, ಇವೆಲ್ಲ ಪುಸ್ತಕದಲ್ಲಿ ಇನ್ನೂ ಮೂರು ಪಾಠ ಆದ್ಮೇಲೆ ಬರೋ ಪದಗಳು. ಟೊಮ್ಯಾಟೊ ಅನ್ನೋ ಹೆಸರು ಮೂಲ ಮೆಕ್ಸಿಕೊದ ನಾವಾಟಲ್ ಭಾಷೆಯಿಂದ ಬಂದಿದ್ದು, ಗಿಡನೂ ಅಮೆರಿಕಾ ಖಂಡದ ಕಡೆಯದ್ದೇ, ಈಗಲೂ ಮೆಕ್ಸಿಕೊ ಸಿಟಿಯಲ್ಲಿ ಕೆಂಪು ಹಣ್ಣಿಗೆ ಹಿತೊಮಾತೆ ಅಂತಾರೆ ಅಂದಾಗ ಮಾತ್ರ ಅವನು ಸ್ವಲ್ಪ ನಂಬಲಿಲ್ಲ, ಕೋಲಾರದ್ದಲ್ವಾ ಅನ್ನೋ ಥರ ಮುಖ ಮಾಡಿದ.

ಆ ಹಬ್ಬಕ್ಕೂ ರೂಲ್ಸ್ ಇದೆ. ಹಣ್ಣನ್ನ ಮೊದಲು ಕೈಯಲ್ಲಿ ಹಿಚುಕಿ ಆಮೇಲೆ ಎಸೀಬೇಕು, ಬಾಟಲ್ ತರಂಗಿಲ್ಲ, ಇನ್ನೊಬ್ಬರ ಬಟ್ಟೆ ಹರಿಯಂಗಿಲ್ಲ, ಎರಡನೇ ಸಿಗ್ನಲ್ ಕೇಳಿದ್ಮೇಲೆ ಒಂದು ಹಣ್ಣೂ ಎಸೆಯಂಗಿಲ್ಲ. ಇದರಲ್ಲಿ ಬರೋದು ಎರಡೇ ಅಚ್ಚು, ಮಾಡ್ಬೇಕು ಅನ್ನೋದಕ್ಕೆ "ಆಯ್ ಕೆ", ಮಾಡಂಗಿಲ್ಲ ಅನ್ನೋದಕ್ಕೆ "ನೊ ಸೆ ಪ್ವೆದೆ". ಅದನ್ನ ಇಟ್ಕೊಂಡು ಜೂನಲ್ಲಿ ನಾನು ಕೊಟ್ಟ ಶೀಟನ್ನ ಹರಿದಾಕಿ, ನಮ್ಮ ಕ್ಲಾಸ್ ರೂಲ್ಸ್ ನೀವೇ ಬರೀರಿ ಸ್ಪ್ಯಾನಿಷಲ್ಲಿ ಅಂದೆ. ನಗಂಗಿಲ್ಲ ಅನ್ನೋದನ್ನ ಮೊದಲನೇದಾಗಿ ಬರೆದ್ರು, ನಾನು ಹೇಳದೇನೇ. ಫ್ಯಾನ್ ಆಫ್ ಮಾಡಂಗಿಲ್ಲ ಅಂತ ಒಂದು. ಚೀಟಿ ಡಬ್ಬಿಯಲ್ಲಿ ಎರಡು ಸಲ ಕೈ ಹಾಕಂಗಿಲ್ಲ ಅಂತ ಒಂದು. ನನಗೂ ಒಂದು ಇತ್ತು, ಬೆಲ್ ಆದ್ಮೇಲೆ ಮಿಸ್ ಪಾಠ ಮಾಡಂಗಿಲ್ಲ. ಸೈನ್ ಹಾಕಿದೆ, ಏನ್ಮಾಡೋದು.

ಪೇರೆಂಟ್ಸ್ ಮೀಟಿಂಗ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಎಲ್ಲರದ್ದೂ ಒಂದೇ ಪ್ರಶ್ನೆ, ಇದರಿಂದ ಕೆಲಸ ಸಿಗತ್ತಾ ಮೇಡಂ. ನಾನು ಇದ್ದಿದ್ದನ್ನ ಇದ್ದಂಗೆ ಹೇಳ್ತೀನಿ. ನರಸಾಪುರದ ಫ್ಯಾಕ್ಟರಿಗಳಿಗೆ ಸ್ಪ್ಯಾನಿಷ್ ಬೇಕಾಗಿಲ್ಲ. ಬೆಂಗಳೂರಲ್ಲಿ ಸ್ಪೇನು, ಲ್ಯಾಟಿನ್ ಅಮೆರಿಕಾ ಕಸ್ಟಮರ್ ಇರೋ ಕಂಪನಿಗಳಿಗೆ ಬೇಕು, ಆದ್ರೆ ಅವರಿಗೆ ಈ ಮಟ್ಟ ಸಾಲಲ್ಲ, ಇನ್ನೂ ನಾಲ್ಕು ಮೆಟ್ಟಿಲು ಹತ್ತಬೇಕು. ಬೇಕಾದೋರು ದೆಲೆ ಅನ್ನೋ ಪರೀಕ್ಷೆ ಬರೀಬಹುದು, ಸ್ಪೇನ್ ಸರ್ಕಾರದ ಕಡೆಯಿಂದ ಇನ್‌ಸ್ಟಿತುತೊ ಸೆರ್ವಾಂತೆಸ್ ನಡೆಸೋದು, ಸ್ಕೂಲ್ ಮಕ್ಕಳಿಗೆ ಅಂತಲೇ ಮೊದಲನೇ ಮಟ್ಟದ್ದು ಬೇರೆ ಇದೆ. ಓದು, ಬರಹ, ಕೇಳೋದು, ಮಾತು, ಒಂದೊಂದಕ್ಕೆ 25 ಮಾರ್ಕ್ಸು, ಓದು ಬರಹ ಸೇರಿ 50ಕ್ಕೆ 30 ಬರಬೇಕು, ಕೇಳೋದು ಮಾತು ಸೇರಿ ಇನ್ನೊಂದು 30 ಬರಬೇಕು, ಒಂದರಲ್ಲಿ 50 ತಗೊಂಡು ಇನ್ನೊಂದರಲ್ಲಿ 20 ತಗೊಂಡ್ರೆ ಫೇಲ್. ಇದನ್ನ ಕೇಳಿದ್ಮೇಲೆ ಮಾತಿಗೆ ಯಾಕೆ ನಲವತ್ತು ಅಂತ ಜಗಳ ಆಡ್ತಿದ್ದ ಒಬ್ಬರು ಅಪ್ಪ ಸುಮ್ಮನಾದ್ರು. ಇನ್ನೊಬ್ಬರು ತಾಯಿ, ಹೂವಿನ ವ್ಯಾಪಾರದೋರು, ಏನೂ ಕೇಳಲಿಲ್ಲ, "ಮನೇಲಿ ನನ್ನ ಮಗಳು ಬಾಗಿಲಲ್ಲಿ ನಿಂತು ಏನೋ ಹೇಳಿ ಒಳಗ್ ಬತ್ತಾಳೆ, ನಾನೂ ಅದನ್ನೇ ಹೇಳ್ಬೇಕಂತೆ, ಹೇಳ್ಕೊಡಿ" ಅಂದ್ರು. ಹೇಳ್ಕೊಟ್ಟೆ.

ವರ್ಷದ ಕೊನೆಗೆ ಓರಲ್ ಟೆಸ್ಟು. ಪ್ರಶ್ನೆಗಳನ್ನ ಒಂದು ತಿಂಗಳು ಮುಂಚೆನೇ ಕೊಟ್ಟಿರ್ತೀನಿ, ಹತ್ತು ಕಾರ್ಡು, ಮನೆ, ಊರು, ಊಟ, ದಿನಚರಿ, ಹಬ್ಬ ಹೀಗೆ. ಲೀಕ್ ಆದಂಗಲ್ವಾ ಅಂತ ಸ್ಟಾಫ್ ರೂಮಲ್ಲಿ ಕೇಳಿದ್ರು. ನನಗೆ ಬೇಕಾಗಿರೋದು ಮಕ್ಕಳು ಆ ಹತ್ತೂ ವಿಷಯ ಮಾತಾಡೋದು, ಸರ್‌ಪ್ರೈಸ್ ಕೊಟ್ಟು ಬಾಯಿ ಮುಚ್ಚಿಸೋದಲ್ಲ. ಇಬ್ಬಿಬ್ಬರು ಬರ್ತಾರೆ, ಒಂದು ಕಾರ್ಡ್ ಎತ್ತುತಾರೆ, ಮೊದಲು ಒಬ್ಬರು ಒಂದು ನಿಮಿಷ ಹೇಳ್ತಾರೆ, ಆಮೇಲೆ ಇನ್ನೊಬ್ಬರು ಅದರ ಮೇಲೆ ಎರಡು ಪ್ರಶ್ನೆ ಕೇಳ್ಬೇಕು. ಪ್ರಶ್ನೆ ಕೇಳೋದಕ್ಕೂ ಮಾರ್ಕ್ಸು, ಯಾಕಂದ್ರೆ ಪ್ರಶ್ನೆ ಕೇಳ್ಬೇಕು ಅಂದ್ರೆ ಕೇಳಿಸ್ಕೊಂಡಿರ್ಬೇಕು. ತಪ್ಪಿಗೆ ಮಾರ್ಕ್ಸ್ ಕಟ್ ಮಾಡಲ್ಲ, ಅರ್ಥ ಆಗದಂಗೆ ಹೇಳಿದ್ರೆ ಮಾತ್ರ ಕಟ್. ಶ್ರೀನಿವಾಸಪುರ ಕಡೆಯ ಹುಡುಗಿ ಒಬ್ಬಳು ವರ್ಷ ಪೂರ್ತಿ ಚಾರ್ಟಿನ ವಾಕ್ಯ ಬಿಟ್ರೆ ಬೇರೆ ಮಾತಾಡ್ದೋಳಲ್ಲ, ಅವಳಿಗೆ ಊರಿನ ಕಾರ್ಡ್ ಬಂತು. ನಮ್ಮೂರಲ್ಲಿ ಮಾವಿನ ತೋಟ ಇದೆ, ಮೇ ತಿಂಗಳಲ್ಲಿ ಲಾರಿ ಬರತ್ತೆ, ತಾತ ಮರದ ಕೆಳಗೆ ಮಲಗ್ತಾರೆ, ನನಗೆ ಇಷ್ಟ, ಇಷ್ಟು ಹೇಳಿದ್ಲು, ಇರೋದು ಅನ್ನೋದಕ್ಕಿರೋ ಎರಡು ಕ್ರಿಯಾಪದದಲ್ಲಿ ಸೆರ್ ಬರಬೇಕಾದ ಕಡೆ ಎಸ್ತಾರ್ ಹಾಕಿದ್ಲು, ಮಧ್ಯ ಸಿಕ್ಕಾಕ್ಕೊಂಡಾಗ "ಕೋಮೊ ಸೆ ದಿಸೆ ನೆರಳು?" ಅಂತ ನನ್ನನ್ನೇ ಕೇಳಿದ್ಲು. ಪರೀಕ್ಷೆಯಲ್ಲಿ ಟೀಚರನ್ನೇ ಕೇಳಬಹುದಾ ಅಂತ ಪಕ್ಕದವಳು ಗಾಬರಿಯಾಗಿ ನೋಡ್ತಿದ್ಲು. ಸ್ಪ್ಯಾನಿಷಲ್ಲಿ ಕೇಳಿದ್ರೆ ಕೇಳಬಹುದು, ಚಾರ್ಟಲ್ಲೇ ಇದೆಯಲ್ಲ. ಸೋಂಬ್ರಾ ಅಂದೆ, ವಾಕ್ಯ ಮುಗಿಸಿದ್ಲು.

ಈ ಮಕ್ಕಳು ಈಗ ಹತ್ತನೇ ಕ್ಲಾಸು. ಬೋರ್ಡ್ ಎಕ್ಸಾಮ್ ಅಂತ ಸ್ಪ್ಯಾನಿಷ್ ಮೂರು ಪೀರಿಯಡ್ಡಿಂದ ಒಂದಕ್ಕೆ ಇಳಿದಿದೆ, ಅದೂ ಶನಿವಾರ ಕೊನೆ ಪೀರಿಯಡ್ಡು. ಎಲ್ಲ ಇಟ್ಕೊಳ್ಳೋಕೆ ಆಗಲ್ಲ, ಹಾಗಾಗಿ ಬೋರ್ಡ್ ಮೇಲಿನ ಮೂರು ಸಾಲು ಹೋಯ್ತು, ಡಿಕ್ಟೇಶನ್ ಹೋಯ್ತು, ಪುಸ್ತಕದ ಆಡಿಯೋ ಹೋಯ್ತು. ಬಾಗಿಲಲ್ಲಿ ಹೇಳಿ ಬರೋದು, ಚೀಟಿ ನಂಬರು, ಮತ್ತೆ ಇಬ್ಬಿಬ್ಬರು ಸೇರಿ ಕಾರ್ಡ್ ಎತ್ತಿ ಮಾತಾಡೋದು, ಈ ಮೂರು ಮಾತ್ರ ಉಳಿಸ್ಕೊಂಡಿದೀನಿ. ಡಬ್ಬಿಗೆ ಹೊಸ ಚೀಟಿ ಬರೆಯೋ ಕೆಲಸ ಕಿನ್ಸೆಗೆ ಕೊಟ್ಟಿದ್ದೆ, ಈ ಸಲ ಮೂವತ್ತೆಂಟರವರೆಗೆ ಬೇಡ ಮಿಸ್ ನೂರರವರೆಗೆ ಬರೀತೀನಿ, ಯಾರಿಗೆ ಏನ್ ಬರತ್ತೋ ಬರಲಿ ಅಂದ, ಸರಿ ಬರಿಯಪ್ಪಾ ಅಂದೆ.